ಹೊತ್ತಿಗೆ ಸರಿಯಾಗಿ

“ಒಬ್ಬರಿಗೋಸ್ಕರ ಇಡೀ ಹಡಗನ್ನೇ ನಿಲ್ಲಿಸ್ಕೊಂಡಿದೀರಲ್ರೀ, ನಾಚಿಕೆ ಆಗಲ್ವಾ?” ಬಸವಂತಪ್ಪನವರು ಏಣಿಯ ಬಳಿ ನಿಂತು ಅಧಿಕಾರಿಯ ಮೇಲೆ ಹರಿಹಾಯ್ದರು. ಈ ಪ್ರವಾಸಿ ಹಡಗು ಹತ್ತಿದಾಗಿನಿಂದ, ಊಟಕ್ಕೆ ತಡವಾಗಿ ಬಂದವರನ್ನೆಲ್ಲ ಗದರುವುದೇ ಅವರ ಪ್ರವಾಸವಾಗಿತ್ತು. ಬೆಳಿಗ್ಗೆ ತಿಂಡಿಗೆ ತಡವಾದಳೆಂದು ಹೆಂಡತಿಯನ್ನೂ ಎಲ್ಲರೆದುರೇ ಬೈದಿದ್ದರು. ತಟ್ಟೆ ಬಿಟ್ಟು ಎದ್ದುಹೋದವಳು ಈಗ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತಿರಬೇಕು.

“ಊರು ನೋಡೋಕೆ ಇಳಿದ ಒಬ್ಬರು ಹೆಂಗಸು ಇನ್ನೂ ಬಂದಿಲ್ಲ ಸಾರ್.”

“ಹೊತ್ತಿನ ಬೆಲೆ ಗೊತ್ತಿಲ್ಲದವಳು ಅಲ್ಲೇ ಬಿದ್ದಿರ್ಲಿ. ಮೊದ್ಲು ಏಣಿ ಎತ್ರಿ!”

ಏಣಿ ಎತ್ತಿದರು. ಹಡಗು ದಡ ಬಿಟ್ಟಿತು. ಬಸವಂತಪ್ಪನವರು ಗೆದ್ದವರಂತೆ ಮೀಸೆ ತಿರುವಿದರು.

“ನೀವೂ ಒಪ್ಪಿದ್ದು ಒಳ್ಳೇದಾಯ್ತು ಸಾರ್,” ಅಂದ ಅಧಿಕಾರಿ. “ನಿಮ್ಮ ಮನೆಯವರು ಆಗಲೇ ದಡದಿಂದ ಫೋನ್ ಮಾಡಿದ್ರು, ‘ನನಗೋಸ್ಕರ ಕಾಯ್ಬೇಡಿ, ತಡ ಆದ್ರೆ ನಮ್ಮ ಯಜಮಾನ್ರು ಬೈತಾರೆ’ ಅಂತ.”