ಉಕ್ಕಿನ ಕಾಲುಗಳು

ತಮ್ಮನು ಸ್ಕ್ರೂಡ್ರೈವರನ್ನು ಅಂಗಿಯೊಳಗೆ ಅಡಗಿಸಿಕೊಂಡಿದ್ದನ್ನು ಅಕ್ಕ ಕಿಟಕಿಯಿಂದ ಕಣ್ಣಾರೆ ಕಂಡಳು.

ಅಕ್ಕನೆಂದರೆ ಸಾಮಾನ್ಯಳಲ್ಲ. ಸೈನ್ಯದ ಕಾರ್ಖಾನೆಯಲ್ಲಿ ಕಾಲಾಳುಗಳಿಗಾಗಿ ಉಕ್ಕಿನ ಕಾಲುಕವಚ ಕಟ್ಟಿದ ಎಂಜಿನಿಯರ್. ತೊಟ್ಟವನು ಆನೆಯನ್ನು ಕಂಕುಳಲ್ಲಿಟ್ಟುಕೊಂಡು ಬೆಟ್ಟ ಹತ್ತಬೇಕು, ಅಂಥ ಯಂತ್ರ! ಅದರ ಬ್ಯಾಟರಿಯೋ, ಅಕ್ಷಯಪಾತ್ರೆ. ದಿನವಿಡೀ ಓಡಿ ಬಂದರೂ ಕೂದಲೆಳೆಯಷ್ಟು ಇಳಿಯದು. ಮೇಲಧಿಕಾರಿಗಳೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು.

ಕವಚ ತೊಟ್ಟು ಪರೀಕ್ಷೆಗೆ ಓಡುವ ಸಿಪಾಯಿ ಅವಳ ಸ್ವಂತ ತಮ್ಮನೇ. ಈಚೆಗೆ ಅವನ ವರಸೆ ಸರಿಯಿರಲಿಲ್ಲ. ಪ್ರತಿ ಓಟಕ್ಕೂ ಮುಂಚೆ ಕವಚದೊಂದಿಗೆ ಒಬ್ಬನೇ ಕೋಣೆ ಸೇರಿ ಚಿಲಕ ಹಾಕಿಕೊಳ್ಳುವನು. ಓಡಿ ಬಂದ ಮೇಲೂ ಅದೇ ಕಥೆ. ಅಕ್ಕ ಮುಟ್ಟಲು ಹೋದರೆ ಹೌಹಾರುವನು. ಊಟಕ್ಕೆ ಕೂತರೆ ಇಡೀ ಪಡೆಯ ಪಾಲನ್ನು ಒಬ್ಬನೇ ಖಾಲಿ ಮಾಡುವನು.

ಶತ್ರುಗಳಿಗೆ ಗುಟ್ಟು ಮಾರುತ್ತಿದ್ದಾನೆಯೇ? ಇವತ್ತೇ ಕವಚ ಕೆಡಿಸುತ್ತಾನೆಯೇ? ಪರೀಕ್ಷೆ ನೋಡಲು ಸೇನಾಪತಿಯೇ ಬಂದು ಕೂತಿದ್ದ. ಕವಚ ಸೋತರೆ ಅಕ್ಕನ ಕೆಲಸಕ್ಕೆ ಎಳ್ಳುನೀರು.

ಚಿಲಕ ತೆಗೆದು ತಮ್ಮ ಹೊರಬಂದದ್ದೇ ತಡ, ಅಡ್ಡ ನಿಂತಳು.

"ಒಳಗೇನೋ ಮಾಡ್ತಿದ್ದೆ?"

"ನಟ್ಟು ಬಿಗಿ ಮಾಡ್ತಿದ್ದೆ ಅಕ್ಕಾ."

"ನಾನು ಬಿಗಿದ ನಟ್ಟನ್ನ ಬಿಗಿಯೋಕೆ ನೀನ್ಯಾರೋ? ನಿಜ ಹೇಳು, ಯಾರಿಗೋಸ್ಕರ ಈ ಕಳ್ಳಕೆಲಸ?"

"ನಿಂಗೋಸ್ಕರಾನೇ," ಎಂದು ಹಲ್ಲು ಕಿರಿದ.

ಅಕ್ಕನ ಪಿತ್ತ ನೆತ್ತಿಗೇರಿತು. ತಾನು ಬಾಯಿಬಿಟ್ಟರೆ ತಮ್ಮ ಜೈಲು ಸೇರುತ್ತಾನೆ. "ಓಟ ಮುಗೀಲಿ, ನಿನ್ನ ಚರ್ಮ ಸುಲಿತೀನಿ," ಎಂದು ಹಲ್ಲು ಕಡಿದಳು.

ಓಟವೆಂದರೆ ಅದು ಓಟ! ಹೆಗಲ ಮೇಲೆ ಇಬ್ಬರು ದಢೂತಿ ಸಿಪಾಯಿಗಳನ್ನು ಕೂರಿಸಿಕೊಂಡು ಗುಡ್ಡದ ತುದಿ ಮುಟ್ಟಿ ಇಳಿದು ಬಂದ. ಗುಡ್ಡವೇ ನಾಚಿ ಕುಗ್ಗಿತು. ಅವನ ಮೈಯಿಂದ ಸುರಿದ ಬೆವರಲ್ಲಿ ದೋಣಿ ಬಿಡಬಹುದಿತ್ತು.

ಸೇನಾಪತಿಗೆ ತಡೆಯಲಾಗಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು ಮತ್ತೊಂದು ಕವಚವನ್ನು ತಾನೇ ತೊಟ್ಟ.

"ಹೂಂ, ಚಾಲೂ ಮಾಡಮ್ಮ! ನಾನೂ ಒಂದು ಸುತ್ತು ಹಾರಿ ಬರ್ತೀನಿ."

ಅಕ್ಕನ ಬೆರಳು ಗುಂಡಿಯ ಮೇಲಿತ್ತು. ತಮ್ಮ ಏದುಸಿರು ಬಿಡುತ್ತಾ ಬಂದು ಅವಳ ಕೈ ಗಬಕ್ಕನೆ ಹಿಡಿದ. ಕಿವಿಯಲ್ಲಿ ಉಸುರಿದ:

"ಒತ್ತಬೇಡಕ್ಕಾ! ಮೊದಲ ದಿನಾನೇ ಅದು ನನ್ನ ಮಂಡಿ ತಿರುಚಿತ್ತು. ನಿನ್ನ ಕೆಲಸ ಹೋಗಬಾರ್ದು ಅಂತ ಇಷ್ಟು ದಿನ ಬ್ಯಾಟರಿ ತಂತಿ ಕಿತ್ತಿಟ್ಟು, ಆ ಕಬ್ಬಿಣಾನೆಲ್ಲ ನಾನೇ ಹೊತ್ಕೊಂಡು ಓಡ್ತಿದ್ದೆ."