ತೊಟ್ಟಿಲ ಕೋಣೆಯ ಕಿವಿ

ಅಂದು ಬೆಳಗಿನಿಂದಲೇ ಮೋಡ ಊರಿನ ಮೇಲೆ ಬೋರಲು ಹಾಕಿದ ಪಾತ್ರೆಯ ಹಾಗೆ ಕೂತಿತ್ತು. ಮಳೆಯಿಲ್ಲ, ಗಾಳಿಯಿಲ್ಲ, ಬರೀ ಬೆವರು. ಆ ಬೆವರು ಬೇರೆಲ್ಲೂ ಜಾಗ ಸಿಗದಂತೆ ಬಂದು ಆಯಮ್ಮನ ಕಿವಿಯೊಳಗೇ ಸೇರಿಕೊಂಡಿತ್ತು. ಎರಡೂ ಕಿವಿಯಲ್ಲಿ ಕೇಳಿಸುವ ಹೊಸ ಮಷೀನು. ಅದರ ಅಚ್ಚು ಬಿರಡೆ ಜಡಿದಂತೆ ಕೂತು, ಒಳಗೆಲ್ಲ ಉರಿ, ತುರಿಕೆ, ಇರುವೆ ಸಾಲು ಹೊರಟಂಥ ಹರಿದಾಟ. ಬಲಗಿವಿಯಂತೂ ಮುಟ್ಟಿದರೆ ಜೀವ ಹೋಗುವಷ್ಟು ಊದಿತ್ತು. ಅದರ ಮೇಲೆ ಕೂದಲು ಇಳಿಬಿಟ್ಟುಕೊಂಡೇ ಅವಳು ಹೊಲಿಗೆ ಕಾರ್ಖಾನೆಯ ಹಿಂಬದಿಯ ತೊಟ್ಟಿಲ ಕೋಣೆಗೆ ಬಂದಳು. ಹೊಲಿಯುವ ತಾಯಂದಿರು ಕೂಸುಗಳನ್ನು ಅವಳ ಕೈಗೆ ಕೊಟ್ಟು ಕೆಲಸಕ್ಕೆ ಹೋದರು.

ನೋವನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. "ಕೂಸುಗಳ ವಿಷಯ. ಮಷೀನು ಹಾಕ್ಕೊಂಡ್ರೆ ಕೆಲಸ, ಇಲ್ಲಾಂದ್ರೆ ಇಲ್ಲ" ಎಂದು ಕಾರ್ಖಾನೆಯ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಈ ಕೋಣೆ ಬಿಟ್ಟರೆ ತನಗೆ ಬೇರೆ ಯಾವ ಬಾಗಿಲು?

ಮಧ್ಯಾಹ್ನ ಕೂಸುಗಳೆಲ್ಲ ಮಲಗಿದವು. ಆಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಒಂದು ಗಳಿಗೆ, ನನ್ನಪ್ಪಾ, ನನ್ನ ಬದಲು ನೀನೇ ಕೇಳಿಸ್ಕೋ" ಎಂದು ದೇವರಿಗೆ ಒಪ್ಪಿಸಿ, ಎರಡೂ ಮಷೀನನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಕಿವಿ ತಣ್ಣಗಾಯಿತು, ಎದೆ ಬಿಸಿಯಾಯಿತು. ಯಾವ ಕೂಸು ಯಾವಾಗ ಎದ್ದೀತೋ! ಒಂದು ತೊಟ್ಟಿಲಿಗೆ ಬಗ್ಗಿ ಮುಖ ನೋಡುವಳು, ಇನ್ನೊಂದಕ್ಕೆ ಓಡುವಳು. ಅಷ್ಟರಲ್ಲಿ ಹಿಂದಿನದರ ಭಯ. ಕಿಟಕಿ ಬಳಿಯ ಕೂಸಿನ ಹೊದಿಕೆ ಸರಿಮಾಡಿ ತಿರುಗಿದರೆ, ಕಾಲರ್ ಹೊಲಿಯುವವಳು ಎದುರಿಗೇ ನಿಂತಿದ್ದಾಳೆ. ತೋಳಿನಲ್ಲಿ ಅವಳ ಮಗ ಗುಂಡ. ಮುಖವೆಲ್ಲ ಕೆಂಪು, ಬಾಯಿ ಇಷ್ಟಗಲ.

"ದೊಡ್ಡಮ್ಮ! ಮಗು ಕಿರುಚಿ ಕಿರುಚಿ ಸಾಯ್ತಿದೆ, ಬೆನ್ನು ಹಾಕ್ಕೊಂಡು ನಿಂತಿದೀರಲ್ಲ! ಮಷೀನೆಲ್ಲಿ?"

ತುಟಿ ನೋಡಿದರೆ ಸಾಕು, ಆಯಮ್ಮನಿಗೆ ಮಾತು ತಿಳಿಯುತ್ತಿತ್ತು. "ಈಗ ತೆಗೆದೆ ಕಣಮ್ಮಾ, ಈಗಷ್ಟೇ..."

"ಕಿವುಡಿ ಕೈಗೆ ಮಗು ಕೊಟ್ಟು ನೆಮ್ಮದಿಯಾಗಿ ಕಾಲರ್ ಹೊಲೀತಿದೀನಲ್ಲ, ನನ್ನ ಬುದ್ಧಿಗಿಷ್ಟು!"

ಆ ಮಾತೂ ತಿಳಿಯಿತು. ಗದ್ದಲಕ್ಕೆ ಮೇಡಂ ಬಂದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಆಯಮ್ಮ ತಾನೇ ಕೂದಲು ಸರಿಸಿ ತೋರಿಸಿದಳು.

"ಅಯ್ಯೋ, ಕಿವಿ ಏನ್ರೀ ಇದು, ಬದನೆಕಾಯಿ ಆಗಿದೆ! ರಾತ್ರಿ ತೆಗೆದಿಡ್ತೀರಿ ತಾನೇ?"

"ತೆಗೀಬೇಕಾ?"

"ಮಲಗುವಾಗ್ಲೂ ಹಾಕ್ಕೊಂಡೇ ಇರ್ತೀರಾ?"

"ಹಾಕ್ಕೊಂಡಷ್ಟೂ ಬೇಗ ಒಗ್ಗುತ್ತೆ ಅಂದಿದ್ರು, ಮಷೀನು ಕೊಟ್ಟೋರು. ನಮ್ಮೆಜಮಾನ್ರ ಗೊರಕೆ ನಂಗೆ ಮರ್ತೇಹೋಗಿತ್ತು ಮೇಡಂ. ಈಗ ರಾತ್ರಿಯೆಲ್ಲ ಅದನ್ನ ಕೇಳ್ಕೊಂಡು ಒಗ್ಗಿಸ್ಕೊಳ್ತಾ ಇದೀನಿ."

ಮೇಡಂ ತುಟಿ ಕಚ್ಚಿ ನಗು ನುಂಗಿದರು. ಮರುಗಳಿಗೆಗೆ ಮುಖ ಗಂಟಾಯಿತು. "ವಾಸಿಯಾಗೋ ತನಕ ಮಷೀನು ಹಾಕೋ ಹಾಗಿಲ್ಲ. ಮಷೀನಿಲ್ದೆ ನಿಮ್ಮನ್ನ ಇಲ್ಲಿಡೋ ಹಾಗೂ ಇಲ್ಲ. ನಾನೇನು ಮಾಡ್ಲಿ ಹೇಳಿ?"

ಮನೆಗೆ ಕಳಿಸಿದವರನ್ನು ಯಾರು ತಿರುಗಿ ಕರೆಯುತ್ತಾರೆ? ಅಷ್ಟರಲ್ಲಿ ಕಾಲರ್ ಹೊಲಿಯುವವಳು ಆಯಮ್ಮನಿಗೆ ಬೆನ್ನು ಮಾಡಿ ಮೇಡಂ ಜೊತೆ ಮಾತಿಗಿಳಿದಳು. ತುಟಿ ಕಾಣದು. ಜಡೆ ಅಲುಗುವುದು ಕಾಣುತ್ತದೆ, ಭುಜ ಕುಣಿಯುವುದು ಕಾಣುತ್ತದೆ, ಮಾತು ಮಾತ್ರ ಗೋಡೆಯಾಚೆ. ಮೇಡಂ ತಲೆಯಾಡಿಸಿದರು. ಅವಳು ಕೈಯೆತ್ತಿ ಬಾಗಿಲ ಕಡೆ ತೋರಿಸಿದಳು. ಮುಗಿಯಿತು. ಆಯಮ್ಮ ಕಣ್ಣು ಮುಚ್ಚಿ, 'ಇಷ್ಟು ದಿನ ಕೂಸುಗಳ ನಡುವೆ ಇಟ್ಟಿದ್ದೆಯಲ್ಲ, ಅಷ್ಟೇ ಸಾಕು ತಂದೆ' ಎಂದು ಒಳಗೊಳಗೇ ಕೈಮುಗಿದಳು.

ಯಾರೋ ಭುಜ ಮುಟ್ಟಿದರು. ಮೇಡಂ ಎದುರಿಗೆ ಬಂದು ನಿಧಾನವಾಗಿ, ತುಟಿ ಬಿಡಿಸಿ ಹೇಳಿದರು: "ಬಾಗಿಲ ಪಕ್ಕದ ಹೊಲಿಗೆ ಮಷೀನಿಗೆ ಈಕೆ ಬಂದು ಕೂರ್ತಾಳಂತೆ. ಬಾಗಿಲು ತೆಗೆದೇ ಇರುತ್ತೆ. ಯಾರ ಕೂಸು ಅತ್ರೂ ಒಳಗೆ ಬಂದು ಹೀಗೆ ಭುಜ ಮುಟ್ತಾಳಂತೆ. ಅಷ್ಟು ಹೊಲಿಗೆ ಮಷೀನಿನ ಸದ್ದಲ್ಲಿ ಅಳು ಕೇಳುತ್ತಾ ಅಂದೆ. 'ಬಿಡುವಿನ ಗಂಟೆ ಇನ್ನೂ ಹೊಡೆದಿಲ್ಲ ಮೇಡಂ, ಈಗ ಏನು ಕೇಳಿ ಓಡಿಬಂದೆ ಅನ್ಕೊಂಡ್ರಿ?' ಅಂತ ನನ್ನನ್ನೇ ಕೇಳ್ತಾಳೆ. ವಾಸಿಯಾಗೋ ತನಕ ಹಾಗೇ ನಡೀಲಿ. ಇವತ್ತೇ ಡಾಕ್ಟರಿಗೆ ತೋರ್ಸಿ. ರಾತ್ರಿ ಮಷೀನು ಬಿಚ್ಚಿಡಿ, ಗೊರಕೆ ಹೊಡೆಯೋರೇ ಕೇಳಿಸ್ಕೊಳ್ಳಲಿ."

ಮೇಡಂ ಹೊರಟುಹೋದರು. ಕಾಲರ್ ಹೊಲಿಯುವವಳು ಮಾತ್ರ ಹೋಗಲಿಲ್ಲ. ತೋಳಿನಲ್ಲಿ ಗುಂಡ ಇನ್ನೂ ಅಳುತ್ತಲೇ ಇದ್ದ. ಆ ಭುಜ, ಈ ಭುಜ, ಎಲ್ಲೂ ನಿಲ್ಲ. ಅವಳು ಆಯಮ್ಮನ ಬಲಗಿವಿ ನೋಡಿದಳು, ನೆಲ ನೋಡಿದಳು. ಮಗುವನ್ನು ಮೆಲ್ಲನೆ ಆಯಮ್ಮನ ತೋಳಿಗೆ ದಾಟಿಸಿದಳು.

ಆಯಮ್ಮ ಗುಂಡನನ್ನು ಎದೆಗೆ ಆನಿಸಿಕೊಂಡಳು. ಪುಟ್ಟ ಬೆನ್ನಿನೊಳಗಿನ ಅಳುವಿನ ಗುಡುಗು ಅವಳ ಅಂಗೈಗೆ ಹತ್ತಿತು. ಸ್ವಲ್ಪ ಹೊತ್ತಿಗೆ ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಅವಳು ತಲೆಯೆತ್ತಿ ತಾಯಿಯನ್ನು ನೋಡಿ ಪಿಸುಗುಟ್ಟಿದಳು: "ಮಲಗಿದ. ನೀ ಹೋಗಮ್ಮಾ, ಹೊಲಿ."