ಎಡಗೈಯ ಇಸ್ಪೀಟು

ಮೊನ್ನೆ ಮಗಳ ಉಳುಕಿದ ಕಾಲಿಗೆ ಮುಲಾಮು ಹಚ್ಚುವಾಗ ಅದರ ಘಾಟು ಮೂಗಿಗೆ ಬಡಿದು, ಹೌನ್ಸ್ಲೋದ ನಮ್ಮ ಹಳೆಯ ಫ್ಲಾಟಿನ ಒಂದು ಮಧ್ಯಾಹ್ನ ನೆನಪಾಯಿತು.

ಅಲ್ಲಿನ ವಿಮಾನ ನಿಲ್ದಾಣದ ಕೆಲಸದಲ್ಲಿ ಪ್ರಯಾಣಿಕರ ಸಾಮಾನು ಇಳಿಸುವಾಗ ಅಪ್ಪನ ಬಲಗೈ ಪೆಟ್ಟಿಗೆಗಳ ನಡುವೆ ಸಿಕ್ಕು ಜಜ್ಜಿಹೋಗಿತ್ತು. ಪ್ಲಾಸ್ಟರ್ ತೆಗೆದ ಮೇಲೂ ಬೆರಳುಗಳು ಮಡಚುತ್ತಿರಲಿಲ್ಲ. ಮುಲಾಮು ಹಚ್ಚಿಕೊಂಡು ದಿನವಿಡೀ ಸೋಫಾದಲ್ಲಿ ಮಾತಿಲ್ಲದೆ ಕೂತಿರುತ್ತಿದ್ದರು. ಅವತ್ತು ನಾನು ಶಾಲೆಯಿಂದ ಬಂದಾಗ ಎಡಗೈಯಲ್ಲಿ ಇಸ್ಪೀಟಿನ ಕಟ್ಟು ಹಿಡಿದು ಕಾಯುತ್ತಿದ್ದರು.

"ಬಾ ಇಲ್ಲೆ. ಒಂದ್ ಎಲಿ ತಗಿ. ನನಗ ತೋರಸಬ್ಯಾಡ."

ನಾನು ಒಂದು ಎಲೆ ತೆಗೆದು ನೋಡಿಕೊಂಡೆ. ಆ ಜಾದೂವಿನಲ್ಲಿ ಕಟ್ಟಿನ ಅಡಿಯ ಎಲೆಯನ್ನು ಕದ್ದು ನೋಡಿಕೊಂಡರೆ ಸಾಕು. ಆರಿಸಿದ ಎಲೆಯನ್ನು ಮೇಲಿಟ್ಟು, ಕಟ್ಟನ್ನು ಎರಡು ಪಾಲು ಮಾಡಿ ಅಡಿಯದನ್ನು ಮೇಲಕ್ಕೆ ತಂದರೆ ಎರಡೂ ಎಲೆಗಳು ಅಕ್ಕಪಕ್ಕ ಬಂದು ಕೂರುತ್ತವೆ. ಆದರೆ ಅಪ್ಪನ ಎಡಗೈಗೆ ಕಟ್ಟನ್ನು ಅಷ್ಟು ಓರೆ ಮಾಡುವುದೂ ಕಷ್ಟವಾಗುತ್ತಿತ್ತು. ನಾನು ಕಿಟಕಿಯತ್ತ ತಿರುಗಿ, ಎದುರುಮನೆಯ ಚಿಮಣಿ ತಾಕುವಷ್ಟು ಕೆಳಗೆ ಹೋಗುತ್ತಿದ್ದ ವಿಮಾನವನ್ನು ಅದು ಪೂರ್ತಿ ಮರೆಯಾಗುವವರೆಗೂ ನೋಡಿದೆ.

ಕೊನೆಗೆ ಅಪ್ಪ ಎಲೆಗಳನ್ನು ಒಂದೊಂದಾಗಿ ತಿರುವಿ ಹಾಕಿ ನಿಲ್ಲಿಸಿದರು. "ನಿಂದು ಆಟೀನ್ ರಾಣಿ. ಹೌದಿಲ್ಲ?"

"ಹೌ ಡಿಡ್ ಯು ನೋ, ಅಪ್ಪಾ?"

ಅಪ್ಪ ನಕ್ಕರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ, "ಅಂತೂ ನಕ್ರಲ್ಲ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ದಿಂಬಿನಡಿಯಿಂದ ಇಣುಕುತ್ತಿದ್ದ ಪುಸ್ತಕವನ್ನು ಅಪ್ಪ ಮೊಣಕೈಯಿಂದ ಮೆಲ್ಲಗೆ ಒಳಗೆ ದೂಡಿದರು. ಕೈಚಳಕ ಬೇಡದ ಜಾದೂಗಳ ಆ ಪುಸ್ತಕವನ್ನು ನನ್ನ ಲೈಬ್ರರಿ ಕಾರ್ಡಿನಲ್ಲಿ ತಂದು, ಎರಡು ಸಲ ಓದಿ, ಅವರ ಕೈಗೆ ಸಿಗುವಂತೆ ಟೀಪಾಯಿಯ ಮೇಲೆ ಬಿಟ್ಟವಳು ನಾನೇ.